ಮನೆಬಾಗಿಲಿಗೆ ಬರುವ ಟೀಮ್ ಬಾಲಿಕಾ

ರಾಜಸ್ಥಾನದ ಹಳ್ಳಿಯಲ್ಲಿ ಯಾರ ಮಗಳು ಶಾಲೆ ಬಿಟ್ಟು ಮೇಕೆ ಕಾಯುತ್ತಿದ್ದಾಳೆ, ಯಾರ ಮದುವೆಯ ಮಾತು ನಡೆದಿದೆ ಎಂಬುದು ಮೊದಲು ಗೊತ್ತಾಗುವುದು ಅಕ್ಕಪಕ್ಕದ ಮನೆಯವರಿಗೆ. ಸಫೀನಾ ಹುಸೇನ್ 2007ರಲ್ಲಿ ಕಟ್ಟಿದ ‘ಎಜುಕೇಟ್ ಗರ್ಲ್ಸ್’ ಸಂಸ್ಥೆ ನೆಚ್ಚಿಕೊಂಡಿದ್ದು ಈ ತಿಳಿವಳಿಕೆಯನ್ನೇ.

ಪಾಲಿ ಜಿಲ್ಲೆಯಲ್ಲಿ ಶುರುವಾದ ಈ ಕೆಲಸಕ್ಕೆ ಆಧಾರ ‘ಟೀಮ್ ಬಾಲಿಕಾ’ ಎಂಬ ಸ್ವಯಂಸೇವಕರ ಪಡೆ. ಅದೇ ಊರಿನ ಓದಿದ ಯುವಕ ಯುವತಿಯರು ಮನೆಮನೆಗೆ ಹೋಗಿ, ಶಾಲೆಯಿಂದ ಹೊರಗುಳಿದ ಹುಡುಗಿಯರನ್ನು ಗುರುತಿಸುತ್ತಾರೆ. ಆಮೇಲಿನದು ತಾಳ್ಮೆಯ ಕೆಲಸ. ಅಪ್ಪ ಅಮ್ಮನ ಜೊತೆ, ಊರ ಹಿರಿಯರ ಜೊತೆ ಮತ್ತೆ ಮತ್ತೆ ಕೂತು ಮಾತಾಡಬೇಕು. ಜನನ ಪ್ರಮಾಣಪತ್ರವಿಲ್ಲ ಎಂದು ಹೆತ್ತವರು ಹಿಂಜರಿಯಬೇಕಿಲ್ಲ. ವಯಸ್ಸಿನ ದಾಖಲೆಯಿಲ್ಲವೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಇಂಥ ಮಾತನ್ನು ಹೊರಗಿನ ಅಧಿಕಾರಿ ಹೇಳುವುದಕ್ಕೂ ಪಕ್ಕದ ಮನೆಯ ಅಕ್ಕ ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಹೆಸರು ಬರೆಸಿದರೆ ಮುಗಿಯಲಿಲ್ಲ. ಓದಲು ಬಾರದ ಮಗು ಬಹುಬೇಗ ಮತ್ತೆ ಮನೆ ಸೇರುತ್ತದೆ. ಹಾಗಾಗಿ ತರಗತಿಯಲ್ಲಿ ಹಿಂದಿ, ಇಂಗ್ಲಿಷ್, ಗಣಿತದ ಪೂರಕ ಪಾಠವೂ ಇದೆ.

ಭೀಲ್ವಾಡಾ ಜಿಲ್ಲೆಯಲ್ಲಿ 2015ರಿಂದ ಮೂರು ವರ್ಷ, ಫಲಿತಾಂಶ ಕಂಡರಷ್ಟೇ ಹೂಡಿದವರಿಗೆ ಹಣ ವಾಪಸು ಎಂಬ ಷರತ್ತಿನ ಯೋಜನೆ ನಡೆಯಿತು. ಕೊನೆಗೆ ಅಳೆದಾಗ, ಶಾಲೆಯ ಹೊರಗಿದ್ದವರೆಂದು ಗುರುತಿಸಿದ ಹುಡುಗಿಯರಲ್ಲಿ ಶೇ 92ರಷ್ಟು ದಾಖಲಾಗಿದ್ದರು. ಕಲಿಕೆಯಲ್ಲಂತೂ ಗುರಿಯ ಶೇ 160ರಷ್ಟು ಸಾಧನೆ! 2025ರಲ್ಲಿ ಸಂಸ್ಥೆಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು.

ಹದಿನಾಲ್ಕು ದಾಟಿದವರಿಗೆ ಶಿಕ್ಷಣ ಹಕ್ಕು ಕಾಯ್ದೆಯ ಆಸರೆಯಿಲ್ಲ. ಅವರಿಗಾಗಿ ಸಂಸ್ಥೆ ‘ಪ್ರಗತಿ’ ಎಂಬ ಕಾರ್ಯಕ್ರಮ ನಡೆಸುತ್ತಿದೆ. ಶಾಲೆ ಬಿಟ್ಟ ತರುಣಿಯರು ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಪರೀಕ್ಷೆಗೆ ಕೂರುತ್ತಾರೆ.