ಹಿತ್ತಲಿಗೆ ಬೀಜ: ಕೊಳ್ಳುವುದೆಷ್ಟು, ಉಳಿಸುವುದೆಷ್ಟು?

ಮೇ ತಿಂಗಳ ಮೊದಲ ಮಳೆ ಬಿದ್ದು ಮಣ್ಣಿನ ವಾಸನೆ ಅಡಿಗೆಮನೆಯವರೆಗೆ ಬಂತೆಂದರೆ ನಮ್ಮಂಥ ಗೃಹಿಣಿಯರಿಗೆ ಕೈ ಸುಮ್ಮನಿರುವುದಿಲ್ಲ. ಹಿತ್ತಲಲ್ಲಿ ನಾಲ್ಕು ಗಿಡ ಹಾಕೋಣ ಅನ್ನಿಸುತ್ತದೆ. ಪೇಟೆಗೆ ಹೋದಾಗ ಅಂಗಡಿಯಲ್ಲಿ ಬಣ್ಣಬಣ್ಣದ ಬೀಜದ ಪೊಟ್ಟಣಗಳು ಕಣ್ಣಿಗೆ ಬೀಳುತ್ತವೆ. ಕೆಂಪು ಟೊಮೇಟೊ, ಮೊಳದುದ್ದದ ಬೆಂಡೆಕಾಯಿ, ಎಲೆಕೋಸು. ಐದಾರು ಪೊಟ್ಟಣ ತರುತ್ತೇವೆ. ಅರ್ಧ ಹುಟ್ಟುವುದಿಲ್ಲ, ಕಾಲು ಭಾಗ ಡಬ್ಬಿಯಲ್ಲೇ ಮುಗ್ಗುತ್ತದೆ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ತರಕಾರಿ ಕೊಂಡದ್ದಕ್ಕಿಂತ ಬೀಜ ಕೊಂಡದ್ದೇ ಹೆಚ್ಚಾಯಿತೇನೋ ಎಂಬ ಅನುಮಾನ! ನಿಮಗೂ ಹೀಗಾಗಿದೆಯೇ? ನನಗೆ ಆಗಿದೆ. ಇಪ್ಪತ್ತು ವರ್ಷ ಹಾಸನ ಜಿಲ್ಲೆಯ ಈ ಸಣ್ಣ ಊರಿನ ಹಿತ್ತಲಲ್ಲಿ ತಪ್ಪು ಮಾಡಿ ಮಾಡಿ ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಸಾಂಬಾರ ಡಬ್ಬಿ ನೋಡಿ

ಅಂಗಡಿಗೆ ಓಡುವ ಮೊದಲು ನಿಮ್ಮ ಮನೆಯ ಡಬ್ಬಿಗಳನ್ನೇ ತೆರೆಯಿರಿ. ಮೆಂತ್ಯ, ಸಾಸಿವೆ, ಕೊತ್ತಂಬರಿ ಇವುಗಳಿಗೆ ಬೇರೆ ಬೀಜ ಕೊಳ್ಳಬೇಕಾದ್ದೇ ಇಲ್ಲ. ಹುರಿಯದ, ಹಳತಾಗದ ಬೀಜವಾಗಿದ್ದರೆ ಸಾಕು. ಕೊತ್ತಂಬರಿಯನ್ನು ಮಾತ್ರ ಚಪ್ಪಲಿಯ ಅಡಿಯಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಒಂದೊಂದು ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ಬಸಳೆಗೆ ಒಂದು ದಂಟು, ನುಗ್ಗೆಗೆ ಒಂದು ಕೊಂಬೆ, ಪುದೀನಕ್ಕೆ ಸಂತೆಯಿಂದ ತಂದ ಕಟ್ಟಿನಲ್ಲಿ ಉಳಿದ ಬೇರಿನ ಕಡ್ಡಿ ಸಾಕು. ಇವಕ್ಕೆ ಖರ್ಚು ಸೊನ್ನೆ.

ಪೊಟ್ಟಣದ ಹಿಂಬದಿ ಓದಿ

ಟೊಮೇಟೊ, ಬದನೆ, ಬೆಂಡೆ, ಬೀನ್ಸ್ ಇತ್ಯಾದಿಗಳನ್ನು ಮೊದಲ ಬಾರಿ ಕೊಳ್ಳಲೇಬೇಕು. ಆಗ ಮುಂಬದಿಯ ಚಿತ್ರಕ್ಕೆ ಮರುಳಾಗಬೇಡಿ, ಪೊಟ್ಟಣವನ್ನು ತಿರುವಿ ಹಿಂಬದಿ ಓದಿ. ತಳಿಯ ಹೆಸರು, ಲಾಟ್ ನಂಬರ್, ಪರೀಕ್ಷೆ ಮಾಡಿದ ತಾರೀಖು, ಎಲ್ಲಿಯವರೆಗೆ ಬಿತ್ತಬಹುದು, ನೂರಕ್ಕೆ ಎಷ್ಟು ಬೀಜ ಮೊಳೆಯುತ್ತದೆ, ಇವೆಲ್ಲ ಅಚ್ಚಾಗಿರಬೇಕು. ಟೊಮೇಟೊ, ಬದನೆಗೆ ನೂರಕ್ಕೆ 70, ಬೆಂಡೆಗೆ 65, ಮೆಣಸಿನಕಾಯಿಗೆ 60 ಇದು ಕನಿಷ್ಠ. ಸರ್ಕಾರದ ಪ್ರಮಾಣೀಕರಣ ಪಡೆದ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ತಾರೀಖು ಅಳಿಸಿದ, ಬಿಸಿಲಿನಲ್ಲಿ ತೂಗುಹಾಕಿದ ಪೊಟ್ಟಣ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಗುಲಾಬಿಯೋ ನೀಲಿಯೋ ಬಣ್ಣ ಬಳಿದ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಮಿಕ್ಕದ್ದನ್ನು ಸಾರಿಗೆ ಹಾಕಬೇಡಿ.

ಇನ್ನೊಂದು ಮಾತು. ಒಂದು ಗ್ರಾಂ ಟೊಮೇಟೊ ಬೀಜದಲ್ಲಿ ಸುಮಾರು ಮುನ್ನೂರು ಕಾಳುಗಳಿರುತ್ತವೆ! ಹತ್ತು ಗ್ರಾಮಿನ ಪೊಟ್ಟಣ ತಂದರೆ ಮೂರು ಸಾವಿರ ಗಿಡದ ಬೀಜ. ಐದು ಜನರ ಮನೆಗೆ ಹನ್ನೆರಡು ಗಿಡ ಬೇಕಾದಷ್ಟಾಯಿತು. ಆದ್ದರಿಂದ ನಮ್ಮ ಬೀದಿಯಲ್ಲಿ ನಾವು ನಾಲ್ಕು ಮನೆಯವರು ಸೇರಿ ಕೊಳ್ಳುತ್ತೇವೆ. ಒಬ್ಬಳು ಬದನೆ, ಒಬ್ಬಳು ಟೊಮೇಟೊ, ಒಬ್ಬಳು ಮೆಣಸಿನಕಾಯಿ, ನಾನು ಬೆಂಡೆ. ಆಮೇಲೆ ಕಾಗದದ ಪೊಟ್ಟಣ ಕಟ್ಟಿ ಹಂಚಿಕೊಳ್ಳುತ್ತೇವೆ. ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ, ಮಧ್ಯಾಹ್ನದ ಹರಟೆಯೂ ಆಗುತ್ತದೆ.

ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೀಜಗಳನ್ನು ಮರೆಯಬೇಡಿ. ಬೆಂಡೆಯಲ್ಲಿ ಅರ್ಕಾ ಅನಾಮಿಕ, ಬೀನ್ಸಿನಲ್ಲಿ ಅರ್ಕಾ ಕೋಮಲ್, ಟೊಮೇಟೊದಲ್ಲಿ ಅರ್ಕಾ ವಿಕಾಸ್ ಅಲ್ಲಿಯ ತಳಿಗಳೇ. ಇವು ಹೈಬ್ರಿಡ್ ಅಲ್ಲ, ಅಂದರೆ ಒಮ್ಮೆ ಕೊಂಡರೆ ಮುಂದಿನ ವರ್ಷಕ್ಕೆ ನೀವೇ ಬೀಜ ಇಟ್ಟುಕೊಳ್ಳಬಹುದು. ಪೊಟ್ಟಣದ ಮೇಲೆ ಹೈಬ್ರಿಡ್ ಎಂದೋ ಎಫ್-1 ಎಂದೋ ಇದ್ದರೆ ಅದರ ಬೀಜ ಉಳಿಸಿ ಪ್ರಯೋಜನವಿಲ್ಲ. ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ.

ಆಲೂಗಡ್ಡೆಯ ಆಸೆ

ನಮ್ಮ ಹಾಸನದ ಕಡೆಯವರಿಗೆ ಆಲೂಗಡ್ಡೆಯ ಮೇಲೆ ಒಂದು ಕೈ ಹೆಚ್ಚು ಪ್ರೀತಿ. ಒಂದು ವರ್ಷ ದಿನಸಿ ಅಂಗಡಿಯಿಂದ ತಂದ ಮೂರು ಕಿಲೋದಲ್ಲಿ ಕಣ್ಣು ಬಿಟ್ಟಿದ್ದನ್ನೆಲ್ಲ ಆರಿಸಿ ನೆಟ್ಟೆ. ಕೆಲವು ಕೊಳೆತವು. ಹುಟ್ಟಿದ ಗಿಡಗಳ ಎಲೆ ಮುರುಟಿಕೊಂಡಿತು. ಅಗೆದಾಗ ಸಿಕ್ಕಿದ್ದು ಗೋಲಿಯಂಥ ಗಡ್ಡೆ, ನೆಟ್ಟಷ್ಟು ತೂಕವೂ ಇರಲಿಲ್ಲ. ಮಕ್ಕಳು ನಕ್ಕರು, ನಮ್ಮವರು ಏನೂ ಹೇಳದೆ ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು.

ಕಾರಣ ಆಮೇಲೆ ತಿಳಿಯಿತು. ತಿನ್ನುವ ಗಡ್ಡೆ ಬೇರೆ, ಬಿತ್ತನೆ ಗಡ್ಡೆ ಬೇರೆ. ಆಲೂಗಡ್ಡೆಯ ನಂಜು ರೋಗಗಳು ಗಡ್ಡೆಯೊಳಗೇ ಕುಳಿತು ಮುಂದಿನ ಬೆಳೆಗೆ ದಾಟುತ್ತವೆ. ಅವನ್ನು ಹರಡುವುದು ಸಣ್ಣ ಸಸ್ಯಹೇನು. ಪಂಜಾಬಿನ ಚಳಿಗಾಲದಲ್ಲಿ ಈ ಹೇನಿನ ಕಾಟ ಕಡಿಮೆ. ಅದಕ್ಕೇ ಜಲಂಧರದ ಕಡೆಯಿಂದ ಬಿತ್ತನೆ ಗಡ್ಡೆ ಲಾರಿಗಟ್ಟಲೆ ಹಾಸನದ ಎಪಿಎಂಸಿ ಮಾರುಕಟ್ಟೆಗೆ ಬರುತ್ತದೆ. ಮುಂಗಾರಿನ ಬಿತ್ತನೆಗೆ ಮೊದಲು, ಏಪ್ರಿಲ್-ಮೇ ತಿಂಗಳಲ್ಲಿ ವ್ಯಾಪಾರ ಜೋರು. ಹೆಸರಾಂತ ಕುಫ್ರಿ ಜ್ಯೋತಿ ತಳಿಗೆ ಶಿಮ್ಲಾ ಹತ್ತಿರದ ಕುಫ್ರಿ ಎಂಬ ಊರಿನ ಹೆಸರು. ಅದು 1968ರಲ್ಲಿ ಬಿಡುಗಡೆಯಾದ ತಳಿ. ಈಗೀಗ ಅಂಗಮಾರಿ ರೋಗಕ್ಕೆ ಅದು ಬೇಗ ತುತ್ತಾಗುತ್ತದೆ. ಅಂಗಮಾರಿಯ ಹೊಡೆತಕ್ಕೆ ನಮ್ಮ ಜಿಲ್ಲೆಯ ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ಹೋದರು. ಹಾಗಾಗಿ ಬೇರೆ ತಳಿ ಯಾವುದಿದೆ ಎಂದು ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಒಂದು ಮಾತು ಕೇಳಿ.

ಆದರೆ ಮೂಟೆಗಟ್ಟಲೆ ಗಡ್ಡೆ ನಮಗೇಕೆ? ಪರಿಚಯದ ರೈತರಿದ್ದರೆ ಬಿತ್ತನೆಯ ದಿನ ಎರಡು ಕಿಲೋ ಕೇಳಿ, ದುಡ್ಡು ಕೊಟ್ಟೇ ತನ್ನಿ. ಕೋಳಿಮೊಟ್ಟೆ ಗಾತ್ರದ, 40-50 ಗ್ರಾಂ ತೂಗುವ ಗಡ್ಡೆ ಉತ್ತಮ. ಕಿಲೋಗೆ ಇಪ್ಪತ್ತಕ್ಕೂ ಹೆಚ್ಚು ಬರುತ್ತವೆ, ಒಂದು ಗಡ್ಡೆಗೆ ಒಂದು ಗಿಡ. ದೊಡ್ಡದಾದರೆ ಹೋಳಿಗೆ ಎರಡು ಕಣ್ಣಾದರೂ ಉಳಿಯುವಂತೆ ಕತ್ತರಿಸಿ. ಕೊಯ್ದಾಗ ಒಳಗೆ ಕಂದು ಉಂಗುರ ಕಂಡರೆ ಆ ಗಡ್ಡೆಯನ್ನು ಎಸೆದು, ಚಾಕುವನ್ನು ಕುದಿನೀರಿನಲ್ಲಿ ಅದ್ದಿ ಮುಂದಿನದಕ್ಕೆ ಕೈ ಹಾಕಿ. ಹೋಳುಗಳನ್ನು ನೆರಳಲ್ಲಿ ಒಂದೆರಡು ದಿನ ಆರಿಸಿ, ಕೊಯ್ದ ಕಡೆ ಒಣಗಿದ ಮೇಲೆ ನೆಡಿ. ಟೊಮೇಟೊ, ಬದನೆ ಬೆಳೆದ ಜಾಗ ಬೇಡ, ಮೂರಕ್ಕೂ ರೋಗಗಳು ಒಂದೇ. ಜಾಗವಿಲ್ಲದಿದ್ದರೆ ಅಕ್ಕಿ ಚೀಲದಲ್ಲಿ ಮಣ್ಣು, ಗೊಬ್ಬರ ತುಂಬಿದರೂ ಆದೀತು. ಗಿಡ ಬೆಳೆದಂತೆ ಬುಡಕ್ಕೆ ಮಣ್ಣು ಏರಿಸುತ್ತಿರಿ. ಬೆಳಕು ತಾಗಿ ಹಸಿರಾದ ಗಡ್ಡೆ ವಿಷ, ಅದನ್ನು ಅಡಿಗೆಗೆ ಬಳಸಬೇಡಿ.

ಹತ್ತು ಕಾಳಿನ ಪರೀಕ್ಷೆ

ಹಳೆಯ ಬೀಜ ಬಿಸಾಡುವ ಮೊದಲು ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಟ್ಟಲಲ್ಲಿ ಮುಚ್ಚಿಡಿ. ಹೆಸರುಕಾಳು ಮೊಳಕೆ ಕಟ್ಟಿದಂತೆಯೇ. ಬೀನ್ಸ್, ಅವರೆಯಾದರೆ ಐದಾರು ದಿನ, ಬದನೆ, ಮೆಣಸಿನಕಾಯಿಯಾದರೆ ಹತ್ತು ಹದಿನೈದು ದಿನ. ಹತ್ತರಲ್ಲಿ ಏಳು ಮೊಳೆತರೆ ಧೈರ್ಯವಾಗಿ ಬಿತ್ತಿ, ನಾಲ್ಕಾದರೆ ಒತ್ತಾಗಿ ಬಿತ್ತಿ, ಎರಡೇ ಆದರೆ ಗೊಬ್ಬರದ ಗುಂಡಿಗೆ. ಈರುಳ್ಳಿ ಬೀಜ ಮಾತ್ರ ವರ್ಷದೊಳಗೇ ಕೆಡುತ್ತದೆ. ಸೌತೆ, ಕುಂಬಳ ನಾಲ್ಕು ವರ್ಷವಾದರೂ ಬರುತ್ತವೆ.

ಖಾಲಿ ಬುರುಡೆ

ಈಗ ನನ್ನ ದೊಡ್ಡ ತಪ್ಪನ್ನು ಹೇಳುತ್ತೇನೆ. ನಮ್ಮತ್ತೆಯವರು ಅವರೆ ಬೀಜವನ್ನು ಬೂದಿಯಲ್ಲಿ ಕಲಸಿ ಸೋರೆಬುರುಡೆಯಲ್ಲಿ ತುಂಬಿ ಅಡಿಗೆಮನೆಯ ಜಂತೆಗೆ ತೂಗುಹಾಕುತ್ತಿದ್ದರು. ಆಷಾಢದಲ್ಲಿ ಬೇಲಿಯುದ್ದಕ್ಕೂ ಬಿತ್ತಿದರೆ ಧನುರ್ಮಾಸದ ಹೊತ್ತಿಗೆ ಕಾಯಿ. ಸೊಗಡು ಎಂದರೆ ಕೈ ತೊಳೆದರೂ ಹೋಗದು.

ಮದುವೆಯಾದ ನಾಲ್ಕನೆಯ ವರ್ಷ ನಾನು ಪೇಟೆಯಿಂದ ಗಿಡ್ಡ ಅವರೆಯ ಪೊಟ್ಟಣ ತಂದಿದ್ದೆ. ವರ್ಷದ ಯಾವ ಕಾಲಕ್ಕೂ ಬರುವ ತಳಿ. ಇನ್ನು ಆ ಹಳೆಯ ಬೀಜ ಏಕೆ ಎಂದುಕೊಂಡು, ತವರಿನವರು ಬರುವ ಹಿಂದಿನ ರಾತ್ರಿ ಬುರುಡೆ ಇಳಿಸಿ, ತೊಳೆದು ನೆನೆಹಾಕಿ, ಬೆಳಿಗ್ಗೆ ಹಿತಕಿ ಸಾರು ಮಾಡಿಬಿಟ್ಟೆ. ಅತ್ತೆಯವರು ಊಟ ಮಾಡಿ, "ಸಾರು ಚೆನ್ನಾಗಿದೆ. ಕಾಳು ಎಲ್ಲಿಯದಮ್ಮಾ?" ಎಂದರು. ಹೇಳಿದೆ. ಒಂದು ಮಾತೂ ಆಡಲಿಲ್ಲ. ಕೈ ತೊಳೆದು ಬಂದು ಖಾಲಿ ಬುರುಡೆಯನ್ನು ಮತ್ತೆ ಅದೇ ಜಾಗದಲ್ಲಿ ತೂಗುಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

ಪೊಟ್ಟಣದ ಅವರೆ ಚೆನ್ನಾಗಿಯೇ ಕಾಯಿ ಬಿಟ್ಟಿತು, ಸುಳ್ಳು ಹೇಳಬಾರದು. ಆದರೆ ಆ ಸೊಗಡು ಬರಲಿಲ್ಲ. ಅತ್ತೆಯವರ ತವರಿನಲ್ಲಿ ವಿಚಾರಿಸಿದೆ, ಅಲ್ಲೂ ಬೀಜ ತಪ್ಪಿಹೋಗಿತ್ತು. ಮೂರು ವರ್ಷ ಆ ಬುರುಡೆಯ ಕೆಳಗೇ ಅಡಿಗೆ ಮಾಡಿದೆ. ಕೊನೆಗೆ ಒಂದು ದಿನ ಮೊಸರು ತರುವ ಹೆಂಗಸಿನ ಹತ್ತಿರ ಈ ಕಥೆ ಹೇಳಿಕೊಂಡೆ. ಮಾರನೆಯ ದಿನ ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಅವರೆ ಸುರಿದಳು. "ನಿಮ್ಮನೇದೇ ಕಣವ್ವಾ. ದೊಡ್ಡಮ್ಮೋರೇ ಯಾವಾಗ್ಲೋ ಕೊಟ್ಟಿದ್ದು, ವರ್ಷಾ ವರ್ಷಾ ಹಾಕ್ತಾ ಇವ್ನಿ," ಎಂದಳು. ಆ ಆಷಾಢದಲ್ಲಿ ಅತ್ತೆಯವರು ಯಾರಿಗೂ ಬಿಡದೆ ತಾವೇ ಬಿತ್ತಿದರು.

ನಾವು ಕಟ್ಟಿಟ್ಟುಕೊಂಡ ಬೀಜವನ್ನು ನಾನೇ ಸಾರು ಮಾಡಿ ಮುಗಿಸಿದೆ. ಮನೆಗೆ ಮರಳಿದ್ದು ಅತ್ತೆಯವರು ಕೊಟ್ಟಿದ್ದ ಒಂದು ಹಿಡಿ ಮಾತ್ರ. ಅಂದಿನಿಂದ ಮೊದಲ ಗಿಡಗಳ ಬಲಿತ ಕಾಯಿಗಳನ್ನು ಬೀಜಕ್ಕೆಂದೇ ಬಿಡುತ್ತೇನೆ. ಬಳ್ಳಿಯಲ್ಲೇ ಒಣಗಿಸಿ, ಬಿಡಿಸಿ, ಬೂದಿ ಬೆರೆಸಿ ಗಾಳಿಯಾಡದ ಡಬ್ಬಿಗೆ ಹಾಕಿ, ಹೆಸರು, ತಿಂಗಳು ಬರೆದ ಚೀಟಿ ಅಂಟಿಸುತ್ತೇನೆ. ಅದರಲ್ಲಿ ಕಾಲು ಭಾಗ ಕಡ್ಡಾಯವಾಗಿ ಬೇರೆ ಮನೆಗಳಿಗೆ.

ಈಗ ಅತ್ತೆಯವರಿಲ್ಲ. ಬುರುಡೆ ಇದೆ, ತುಂಬಿದೆ. ಈ ಸಲ ನೀವು ಪೊಟ್ಟಣ ಕೊಳ್ಳಲು ಹೊರಡುವ ಮೊದಲು ಪಕ್ಕದ ಮನೆಯ ಅಜ್ಜಿಯನ್ನೊಮ್ಮೆ ಕೇಳಿ ನೋಡಿ. ಬರಿಗೈಯಲ್ಲಿ ಹೋಗಬೇಡಿ, ನಿಮ್ಮ ಹಿತ್ತಲಿನ ಒಂದು ಹಿಡಿ ಬೀಜವನ್ನೂ ತೆಗೆದುಕೊಂಡು ಹೋಗಿ.