ಅಗಲಿದವರ ಬಟ್ಟೆ, ಉಳಿದವರಿಗೆ ಕೌದಿ



ನವೆಂಬರ್ ತಿಂಗಳು ಮೃತರ ಸ್ಮರಣೆಗೆಂದು ಧರ್ಮಸಭೆ ಮೀಸಲಿಟ್ಟಿರುವ ತಿಂಗಳು. ಮೊದಲ ದಿನ ಸಕಲ ಸಂತರ ಹಬ್ಬ; ಮರುದಿನ ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಸಮಾಧಿಗಳನ್ನು ಶುಚಿಗೊಳಿಸುತ್ತೇವೆ, ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತೇವೆ, ಬಲಿಪೂಜೆಯಲ್ಲಿ ಅಗಲಿದವರ ಹೆಸರುಗಳನ್ನು ನೆನೆಯುತ್ತೇವೆ. ಸಮಾಧಿಯ ಬಳಿ ಏನು ಮಾಡಬೇಕೆಂಬುದು ನಮಗೆ ಗೊತ್ತು. ಆದರೆ ಮನೆಯೊಳಗೆ ಅವರು ಬಿಟ್ಟುಹೋದ ಬಟ್ಟೆಗಳನ್ನು ಏನು ಮಾಡಬೇಕು?

ಈ ಪ್ರಶ್ನೆ ಚಿಕ್ಕದೆಂದು ತೋರಿದರೂ ಅನೇಕ ಮನೆಗಳಲ್ಲಿ ನೋವಿಗೆ, ಕೆಲವೊಮ್ಮೆ ಜಗಳಕ್ಕೂ ಕಾರಣವಾಗುತ್ತದೆ. ಕೆಲವರು ಹೆದರಿ ಎಲ್ಲವನ್ನೂ ಸುಟ್ಟುಬಿಡುತ್ತಾರೆ. ಕೆಲವರು ಹೊಳೆಗೆ ಬಿಡುತ್ತಾರೆ. ಕೆಲವರು ಟ್ರಂಕಿನಲ್ಲಿ ಬೀಗ ಹಾಕಿ ಇಡುತ್ತಾರೆ; ವರುಷಗಳು ಕಳೆದ ಮೇಲೆ ತೆರೆದು ನೋಡಿದರೆ ನುಸಿ ತಿಂದ ಚಿಂದಿ ಮಾತ್ರ ಉಳಿದಿರುತ್ತದೆ. ಅವ್ವನ ಒಳ್ಳೆಯ ಸೀರೆ ಯಾರಿಗೆ ಸೇರಬೇಕೆಂದು ಅಕ್ಕತಂಗಿಯರು ಮಾತು ಬಿಟ್ಟ ಮನೆಗಳೂ ಇವೆ. ಇದಕ್ಕೆ ನಮ್ಮ ಉತ್ತರ ಕರ್ನಾಟಕದ ತಾಯಂದಿರು ಎಂದೋ ಒಂದು ದಾರಿ ಕಂಡುಕೊಂಡಿದ್ದಾರೆ. ಅದೇ ಕೌದಿ.

ಜೊಪ್ಪ ಪಟ್ಟಣದ ವಿಧವೆಯರು

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ತಬಿಥಾ ಎಂಬ ಭಕ್ತೆಯ ವೃತ್ತಾಂತವಿದೆ. ಗ್ರೀಕ್ ಭಾಷೆಯಲ್ಲಿ ಆಕೆಯ ಹೆಸರು ದೋರ್ಕ; ಎರಡು ಹೆಸರಿಗೂ ಜಿಂಕೆ ಎಂದೇ ಅರ್ಥ. ಆಕೆ ಕಾಯಿಲೆಯಿಂದ ತೀರಿಕೊಂಡಾಗ ಸಮೀಪದ ಲುದ್ದದಲ್ಲಿದ್ದ ಸಂತ ಪೇತ್ರರನ್ನು ಕರೆಸುತ್ತಾರೆ. ಅವರು ಬಂದು ಮೇಲಂತಸ್ತಿನ ಕೋಣೆಗೆ ಹೋದಾಗ ಊರಿನ ವಿಧವೆಯರು ಅಳುತ್ತಾ ಸುತ್ತ ನಿಂತು, ಆಕೆ ಬದುಕಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಉಡುಪುಗಳನ್ನೂ ಅವರಿಗೆ ತೋರಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಹೆಂಗಸರು ತೋರಿಸಿದ್ದು ದೋರ್ಕಳು ಉಟ್ಟ ಬಟ್ಟೆಗಳನ್ನಲ್ಲ; ಬೇರೆಯವರಿಗಾಗಿ ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನು. ಆಕೆಯ ನೆನಪು ಪೆಟ್ಟಿಗೆಯಲ್ಲಿ ಇರಲಿಲ್ಲ, ಬಡವರ ಮೈಮೇಲಿತ್ತು. ಅಗಲಿದವರ ಬಟ್ಟೆಯ ವಿಷಯದಲ್ಲಿ ನಾವು ಹಿಡಿಯಬೇಕಾದ ಸೂತ್ರವೂ ಇದೇ: ನೆನಪು ಯಾರನ್ನಾದರೂ ಬೆಚ್ಚಗಿಡಬೇಕು.

ನಮ್ಮ ಸೀಮೆಯ ಕೌದಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದವರಿಗೆ ಕೌದಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಳೆಯ ಸೀರೆ, ಧೋತರ, ಅಂಗಿ, ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕಿದರೆ ಕೌದಿ. ಮಹಾರಾಷ್ಟ್ರದಲ್ಲಿ ಇದನ್ನು ಗೋಧಡಿ ಎನ್ನುತ್ತಾರೆ. ಬಂಗಾಳದ ಕಾಂತಾ, ಬಿಹಾರದ ಸುಜನಿ ಇದರ ಅಕ್ಕತಂಗಿಯರು.

ನಮ್ಮ ಸೀಮೆ ನೇಕಾರರ ಸೀಮೆ. ಆದ್ದರಿಂದ ಇಲ್ಲಿಯ ಒಂದು ಹಳೆಯ ಕೌದಿಯನ್ನು ಬಿಡಿಸಿ ನೋಡಿದರೆ ಇಳಕಲ್ ಸೀರೆಯ ಒಡಲು, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಮಗ್ಗದ ನೂಲು ಒಂದೇ ಕಡೆ ಕಾಣಬಹುದು. ಹಳೆಯ ಬಟ್ಟೆ ಒಗೆದು ಒಗೆದು ಮೆತ್ತಗಾಗಿರುತ್ತದೆ. ಎಳೆಗೂಸಿನ ಮೈಗೆ ಹೊಸ ಬಟ್ಟೆಗಿಂತ ಹಿತ. ಅಜ್ಜಿಯ ಸೀರೆಯ ಕೌದಿಯ ಮೇಲೆ ಮೊಮ್ಮಗುವನ್ನು ಮಲಗಿಸುವುದು ಅದಕ್ಕೇ. ಅಜ್ಜಿಯ ಮುಖವನ್ನೇ ಕಾಣದ ಮಗು ಅವಳ ಮಡಿಲಲ್ಲಿ ಮಲಗಿದಂತಾಯಿತು.

ಮನೆಯ ಹೆಂಗಸರೇ ಬಿಡುವಿನ ವೇಳೆಯಲ್ಲಿ ಕೌದಿ ಹೊಲಿಯುವುದುಂಟು. ಗೊಂದಲಿಗರೇ ಮೊದಲಾದ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರೂರಿಗೆ ಬಂದು, ಮನೆಯವರು ಕೊಟ್ಟ ಬಟ್ಟೆಯಲ್ಲಿ ಕೂಲಿಗೆ ಹೊಲಿದುಕೊಡುವುದೂ ಉಂಟು. ಕೊನೆಯ ಕಿಂಡಿಯನ್ನು ಮುಚ್ಚುವ ಮುನ್ನ ರೊಟ್ಟಿಯ ಚೂರನ್ನೋ ನಾಲ್ಕು ಕಾಳು ಅಕ್ಕಿಯನ್ನೋ ಒಳಗಿಡುವ ವಾಡಿಕೆ ಕೆಲವು ಕಡೆ ಇದೆ. ಕೌದಿಯ ಹೊಟ್ಟೆಯೂ ಹಸಿದಿರಬಾರದೆಂಬ ಭಾವನೆ ಅದು. ಅಂಗಡಿಯ ಅಗ್ಗದ ರಗ್ಗುಗಳು ಬಂದ ಮೇಲೆ ಈ ಕೆಲಸ ಕಡಿಮೆಯಾಗಿದೆ. ಬಲ್ಲ ಕೈಗಳೂ ಕಡಿಮೆಯಾಗುತ್ತಿವೆ.

ಹಳಿಯಾಳದಿಂದ ಅಮೆರಿಕದವರೆಗೆ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ತಾಯಂದಿರೂ ಕೌದಿಯಲ್ಲಿ ನಿಪುಣರು. ಅವರದನ್ನು ಕವಂಡಿ ಎಂದೂ ಕರೆಯುತ್ತಾರೆ. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ನಡುವಿಗೆ ಬರುವುದು ಅವರ ಪದ್ಧತಿ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ಹೂವುಗಳಿರಬೇಕು. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕಥೋಲಿಕರು ಮೂವರೂ ಇದ್ದಾರೆ. ಕ್ರೈಸ್ತ ತಾಯಂದಿರು ಶಿಲುಬೆಯ ಆಕಾರವನ್ನು ಕೂಡಿಸುವುದುಂಟು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ಅದೇ ಅಮೆರಿಕದ ಅಲಬಾಮ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಬಡ ಕರಿಯ ರೈತರ ಹಳ್ಳಿಯಿದೆ. 1942ರಲ್ಲಿ ಅಲ್ಲಿಯ ಮಿಸ್ಸೂರಿ ಪೆಟ್ವೇ ಎಂಬ ತಾಯಿ, ತೀರಿಕೊಂಡ ಗಂಡ ಹೊಲದಲ್ಲಿ ತೊಡುತ್ತಿದ್ದ ಕೆಲಸದ ಬಟ್ಟೆಗಳನ್ನೆಲ್ಲಾ ಕೂಡಿಸಿ ಒಂದು ಕೌದಿ ಹೊಲಿದಳು. ಗಂಡನನ್ನು ನೆನೆಯಲಿಕ್ಕೂ, ಅವನ ಪ್ರೀತಿಯನ್ನು ಹೊದ್ದು ಮಲಗಲಿಕ್ಕೂ ಆಕೆ ಹಾಗೆ ಮಾಡಿದಳೆಂದು ಮಗಳು ನೆನಪಿಸಿಕೊಂಡಿದ್ದಾಳೆ. ಬಣ್ಣ ಮಾಸಿದ ಆ ಕೌದಿ ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ. 1987ರಲ್ಲಿ ಅದೇ ವಾಷಿಂಗ್ಟನ್ನಿನ ಬಯಲಿನಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿಗೆ 1,920 ತುಂಡುಗಳ ಬೃಹತ್ ಕೌದಿಯನ್ನು ಹಾಸಲಾಯಿತು. ಒಂದೊಂದು ತುಂಡು ಮೂರು ಅಡಿ ಅಗಲ, ಆರು ಅಡಿ ಉದ್ದ; ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. ಸಮಾಜ ಹೆಸರು ಹೇಳಲೂ ಅಂಜುತ್ತಿದ್ದ ಕಾಲದಲ್ಲಿ ತಾಯಂದಿರೂ ಗೆಳೆಯರೂ ಆ ಹೆಸರುಗಳನ್ನು ಬಟ್ಟೆಯ ಮೇಲೆ ಹೊಲಿದರು.

ಊರು ಯಾವುದಾದರೂ ದುಃಖ ಒಂದೇ. ದುಃಖದಲ್ಲಿ ಕೈಗೆ ಕೆಲಸ ಬೇಕು.

ಕತ್ತರಿ ಹಾಕುವ ಮುನ್ನ

ಮೊದಲನೆಯದಾಗಿ, ಅವಸರ ಬೇಡ. ದುಃಖದ ಮೊದಲ ದಿನಗಳಲ್ಲಿ ಬಟ್ಟೆಯನ್ನು ಸುಡುವುದೂ ಬೇಡ, ಕತ್ತರಿಸುವುದೂ ಬೇಡ. ಒಗೆದು, ಚೆನ್ನಾಗಿ ಒಣಗಿಸಿ, ಒಣಗಿದ ಬೇವಿನ ಎಲೆ ಹಾಕಿ ಎತ್ತಿಡಿ. ಮೊದಲ ವರುಷದ ಪುಣ್ಯಸ್ಮರಣೆಗೆ ಮನೆಮಂದಿಯೆಲ್ಲ ಕೂಡುತ್ತೀರಿ. ಆಗ ಪೆಟ್ಟಿಗೆ ತೆರೆಯಿರಿ.

ಎರಡನೆಯದಾಗಿ, ಎಲ್ಲರನ್ನೂ ಕೇಳಿ. ಒಮ್ಮೆ ಕತ್ತರಿಸಿದ ಸೀರೆ ಮತ್ತೆ ಸೀರೆಯಾಗದು. ಮದುವೆಯ ಸೀರೆಯನ್ನು ಇಡಿಯಾಗಿ ಉಳಿಸಿಕೊಳ್ಳಬೇಕೆಂದು ಒಬ್ಬ ಮಗಳು ಬಯಸಬಹುದು. ದೂರದೂರಿನಲ್ಲಿರುವ ಮಗನಿಗೆ ಅಪ್ಪನ ಒಂದು ಅಂಗಿ ಸಾಕಾಗಬಹುದು. ಅವನ್ನು ಮೊದಲು ತೆಗೆದಿಡಿ.

ಮೂರನೆಯದಾಗಿ, ಬಡವರ ಪಾಲು. ಇನ್ನೂ ಉಡಲು ಬರುವ ಗಟ್ಟಿ ಬಟ್ಟೆಗಳನ್ನು ಕೌದಿಗೆ ಸೇರಿಸದೆ ಉಡುವವರಿಗೇ ಕೊಡಿ. ಉಟ್ಟು ಸವೆದವೇ ಕೌದಿಗೆ ಯೋಗ್ಯ. ನವೆಂಬರ್ 11ರಂದು ನಾವು ಸ್ಮರಿಸುವ ತೂರಿನ ಸಂತ ಮಾರ್ಟಿನರು ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನು ಸೀಳಿ ಅರ್ಧ ಕೊಟ್ಟರು. ಅರ್ಧವನ್ನು ತಾವೂ ಹೊದ್ದರು. ನೆನಪಿಗಾಗಿ ಉಳಿಸಿಕೊಳ್ಳುವುದು ತಪ್ಪಲ್ಲ, ಎಲ್ಲವನ್ನೂ ಉಳಿಸಿಕೊಳ್ಳಬಾರದು ಅಷ್ಟೆ.

ಅಂಟುರೋಗದಿಂದ ತೀರಿಕೊಂಡವರ ಬಟ್ಟೆಯಾಗಿದ್ದರೆ ಕುದಿಯುವ ನೀರಿನಲ್ಲಿ ನೆನೆಸಿ, ಸಾಬೂನು ಹಾಕಿ ಒಗೆದು, ಒಳ್ಳೆಯ ಬಿಸಿಲಿನಲ್ಲಿ ಒಣಗಿಸಬೇಕು. ಹಾಸಿಗೆ ಹಿಡಿದಾಗ ತೀರ ಹೊಲಸಾದ ಬಟ್ಟೆಗಳನ್ನು ಬಿಟ್ಟುಬಿಡಿ.

ಹೊಲಿಯುವ ಬಗೆ

ಒಂಬತ್ತು ಗಜದ ಸೀರೆ ಸುಮಾರು 27 ಅಡಿ ಉದ್ದವಿರುತ್ತದೆ. ಅದನ್ನು ನಾಲ್ಕು ಸಮ ತುಂಡು ಮಾಡಿದರೆ ಒಂದೊಂದು ಆರು ಮುಕ್ಕಾಲು ಅಡಿ. ಎರಡೆರಡನ್ನು ಅಗಲಕ್ಕೆ ಕೂಡಿಸಿದರೆ ಇಬ್ಬರು ಹೊದೆಯುವಷ್ಟು ದೊಡ್ಡ ಕೌದಿಗೆ ಎರಡು ಪದರ ಸಿಕ್ಕಂತಾಯಿತು. ಅಂದರೆ ಅವ್ವನ ಎರಡು ಸೀರೆ ನಾಲ್ಕು ಪದರಕ್ಕೆ ಸಾಕು. ಮೂರರಿಂದ ಐದು ಪದರ ಸರಿ. ಅದಕ್ಕಿಂತ ಹೆಚ್ಚಾದರೆ ಸೂಜಿ ಇಳಿಯದು, ಒಗೆಯುವಾಗ ನೀರು ಕುಡಿದ ಕೌದಿಯನ್ನು ಎತ್ತಲಿಕ್ಕಾಗದು. ತೊಟ್ಟಿಲಿನ ಕೌದಿಗೆ ಎರಡು ಮೂರು ಪದರ ಸಾಕು.

ಒಳಗಿನ ಪದರಗಳಿಗೆ ಹತ್ತಿಯ ಸೀರೆ, ಧೋತರ ಉತ್ತಮ. ನೈಲಾನ್, ಪಾಲಿಯೆಸ್ಟರ್ ಜಾರುತ್ತವೆ, ಬೆವರು ಹೀರುವುದಿಲ್ಲ, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತವೆ. ಮಕ್ಕಳ ಕೌದಿಗೆ ಬೇಡ. ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿಯದಾದರೂ ಸೆರಗು ರೇಷ್ಮೆಯದು ಇಲ್ಲವೇ ಕೃತಕ ರೇಷ್ಮೆಯದು. ಎರಡೂ ಒಂದೇ ರೀತಿ ಕುಗ್ಗುವುದಿಲ್ಲ. ಕೆಂಪು ಸೆರಗಿನ ಬಣ್ಣ ಬಿಡುವುದೋ ಎಂದು ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ; ಬಣ್ಣ ಬಿಟ್ಟರೆ ಬೇರೆಯಾಗಿ ಒಗೆದ ಮೇಲೆಯೇ ಬಳಸಿ.

ಪದರಗಳನ್ನು ಸಮತಟ್ಟಾದ ನೆಲದ ಮೇಲೆ ಹಾಸಿ, ಸುಕ್ಕಿಲ್ಲದಂತೆ ಎಳೆದು, ನಾಲ್ಕು ಮೂಲೆಗೆ ಭಾರವಿಡಿ. ಜಾರದಂತೆ ದೊಡ್ಡ ದೊಡ್ಡ ಹೊಲಿಗೆ ಹಾಕಿಕೊಳ್ಳಿ. ಇವನ್ನು ಕೊನೆಗೆ ಬಿಚ್ಚಬೇಕು. ಮೇಲೆ ಅಪ್ಪನ ಅಂಗಿ, ರುಮಾಲು, ಅವ್ವನ ಕುಪ್ಪಸದ ತುಂಡುಗಳನ್ನು ಅಂಚು ಒಳಗೆ ಮಡಚಿ ಕೂಡಿಸಿ. ನಂತರ ದಪ್ಪ ದಾರದಿಂದ ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ ಸಾಕು. ಹೊಲಿಗೆ ಒತ್ತಾದಷ್ಟೂ ಕೌದಿ ಬಾಳುತ್ತದೆ, ಯಾಕೆಂದರೆ ಸವೆದ ಬಟ್ಟೆಯನ್ನು ಹಿಡಿದು ನಿಲ್ಲಿಸುವುದು ಆ ದಾರವೇ.

ಅಪ್ಪನ ಅಂಗಿಯ ಕಿಸೆಯನ್ನು ಬಿಚ್ಚದೆ ಹಾಗೆಯೇ ಇಡಬಹುದು. ಮೊಮ್ಮಕ್ಕಳು ಕೈ ಹಾಕಿ ನೋಡಲಿ. ಆದರೆ ಎಳೆಗೂಸಿನ ಕೌದಿಯಲ್ಲಿ ಗುಂಡಿ ಬೇಡ, ಕಿತ್ತು ಬಾಯಿಗೆ ಹಾಕಿಕೊಂಡೀತು. ಒಂದು ಮೂಲೆಯಲ್ಲಿ ಅಗಲಿದವರ ಹೆಸರು, ಹುಟ್ಟಿದ ವರುಷ, ದೈವಾಧೀನರಾದ ದಿನವನ್ನು ದಾರದಲ್ಲಿ ಬರೆಯಿರಿ. ಮುಂದಿನ ತಲೆಮಾರಿಗೆ ಯಾರ ಸೀರೆಯೆಂದು ಹೇಳುವವರು ಇರುವುದಿಲ್ಲ.

ಕೂಲಿಗೆ ಹೊಲಿಸುವುದಾದರೆ ಚೌಕಾಸಿ ಬೇಡ. ದಿನಗಟ್ಟಲೆ ಬೆನ್ನು ಬಾಗಿಸಿ ಮಾಡುವ ಕೆಲಸ ಅದು. ತಾಯಿಯ ನೆನಪಿಗೆಂದು ಹೊಲಿಸುವ ಕೌದಿಯಲ್ಲಿ ಇನ್ನೊಬ್ಬ ತಾಯಿಯ ಕೂಲಿ ಮುರಿಯಬಾರದು.

ಹೆದರಿಕೆ ಬೇಡ, ಮೋಹವೂ ಬೇಡ

ಸತ್ತವರ ಬಟ್ಟೆ ಮನೆಯಲ್ಲಿದ್ದರೆ ಅವರ ಆತ್ಮ ಸುತ್ತುತ್ತದೆ, ಮಕ್ಕಳಿಗೆ ಕೇಡು ಎಂಬ ಅಂಜಿಕೆ ನಮ್ಮಲ್ಲೂ ಇದೆ. ಕ್ರೈಸ್ತ ವಿಶ್ವಾಸಿಗೆ ಈ ಅಂಜಿಕೆ ಸಲ್ಲದು. ನಮ್ಮ ಮೃತರು ದೇವರ ಕೈಯಲ್ಲಿದ್ದಾರೆ. ನಮ್ಮನ್ನು ಪ್ರೀತಿಸಿ ಸಾಕಿದವರು ಸತ್ತ ಕೂಡಲೇ ನಮಗೆ ಶತ್ರುಗಳಾಗುವುದಿಲ್ಲ. ಹಾಗೆಯೇ ಕೌದಿಗೆ ಯಾವ ಶಕ್ತಿಯೂ ಇಲ್ಲ. ಅದು ಪ್ರಾರ್ಥನೆಗೆ ಬದಲಿಯಲ್ಲ. ರಾತ್ರಿ ಹೊದೆಯುವಾಗ ಅವರಿಗಾಗಿ ಒಂದು ಪರಲೋಕ ಮಂತ್ರ ಹೇಳುವ ನೆನಪು ತಂದರೆ ಅಷ್ಟು ಸಾಕು.

ಕೌದಿಯನ್ನು ಮಡಚಿ ಮತ್ತೆ ಅದೇ ಪೆಟ್ಟಿಗೆಯಲ್ಲಿ ಇಟ್ಟರೆ ಪ್ರಯೋಜನವೇನು? ಬಚ್ಚಿಟ್ಟದ್ದಕ್ಕೂ ಭದ್ರತೆಯಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಜಮಖಂಡಿ ತಾಲ್ಲೂಕಿನ ತೀರದ ಹಳ್ಳಿಗಳಿಗೆ ಇದು ಅರಿವಾಯಿತು. ಹೊದೆಯಿರಿ, ಹಬ್ಬಕ್ಕೆ ಮುಂಚೆ ಒಗೆಯಿರಿ, ಬಿಸಿಲಿಗೆ ಹಾಕಿರಿ. ಹರಿದರೆ ಅದರ ಮೇಲೆ ಇನ್ನೊಂದು ತುಂಡು ಹಾಕಿರಿ. ಆ ತುಂಡು ಮುಂದೆ ಅಗಲುವ ನಮ್ಮದೇ ಇರಬಹುದು.

ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜ್ ನಿಮಗೆಲ್ಲ ಗೊತ್ತು. ದಿವಂಗತ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಮ್ಮ ತಮ್ಮ ಕೈಲಾದಷ್ಟು ಹಣ, ಮೈಮುರಿದು ದುಡಿಮೆ ಕೂಡಿಸಿ 1989ರಲ್ಲಿ ಅದನ್ನು ಕಟ್ಟಿ ಮುಗಿಸಿದರು. ಶ್ರಮಬಿಂದು ಸಾಗರ ಎಂದೇ ಅದರ ಹೆಸರು. ಒಬ್ಬೊಬ್ಬರದು ಹನಿ, ಕೂಡಿದಾಗ ಸಾಗರ. ಕೌದಿಯೂ ಹಾಗೆಯೇ. ಅಕ್ಕನದೊಂದು ಸಾಲು, ತಂಗಿಯದೊಂದು ಸಾಲು, ಸೊಸೆಯದೊಂದು ಸಾಲು. ಸೀರೆಗಾಗಿ ಮಾತು ಬಿಟ್ಟವರು ಅದೇ ಸೀರೆಯ ಸುತ್ತ ಕುಳಿತು ಹೊಲಿದರೆ ಕೈಗಳ ನಡುವೆ ಮಾತೂ ಮರಳಿ ಬರುತ್ತದೆ.

ಈ ನವೆಂಬರಿನಲ್ಲಿ ಸಮಾಧಿಗೆ ಹೂವಿಟ್ಟು ಬಂದ ಮೇಲೆ ಮನೆಯ ಟ್ರಂಕನ್ನೂ ಒಮ್ಮೆ ತೆರೆಯಿರಿ. ಒಂದು ಪಾಲು ಬಡವರಿಗೆ ಹೋಗಲಿ, ಒಂದು ಪಾಲು ಕೌದಿಯಾಗಲಿ. ಅಗಲಿದವರಿಗೆ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಉಳಿದ ನಮ್ಮನ್ನು ಒಂದೇ ಹೊದಿಕೆಯಡಿ ಕೂಡಿಸಲಿ.