ಸವಾಲಿಗೆ ಜವಾಬು ನೀಡಿದ ಹೆಣ್ಣುದನಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಗೀಗೀ ಮೇಳದ ವಾದವನ್ನು ಒಮ್ಮೆಯಾದರೂ ಕೇಳದೆ ಬೆಳೆದವರು ಹಿಂದಿನ ತಲೆಮಾರಿನಲ್ಲಿ ವಿರಳ. ಮುಂದಾಳು ದಪ್ಪು ಬಡಿಯುತ್ತ ನುಡಿಯನ್ನೆತ್ತಿಕೊಂಡರೆ ಹಿಮ್ಮೇಳದವರು ತುಂತುಣಿ, ತಾಳಗಳೊಡನೆ 'ಗೀಗೀ' ಎಂದು ದನಿಗೂಡಿಸುವರು. ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳು ಎದುರುಬದುರು ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವನು ಮೊದಲೋ ಶಕ್ತಿಯು ಮೊದಲೋ ಎಂದು ಇರುಳೆಲ್ಲ ವಾದಿಸುವುದು ಈ ಹಾಡಿಕೆಯ ಜೀವಾಳ. ಹೆಣ್ಣಿನ ಪಕ್ಷವನ್ನು ಹಿಡಿದು ಹೆಣ್ಣುಮಕ್ಕಳೇ ತುಂಬಿದ ಸಭೆಯಲ್ಲಿ ಹಾಡಿದುದು ಇಲ್ಲಿನ ವಿಶೇಷ. ಇಳಕಲ್ಲ ನೇಕಾರನು ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವಂತೆ, ಎದುರಾಳಿಯ ಮಾತಿಗೇ ತನ್ನ ಮಾತನ್ನು ಸಿಕ್ಕಿಸಿ ಜವಾಬು ಕಟ್ಟಬೇಕು. ತಡವರಿಸಿದರೆ ಸೋಲು.

ಇದನ್ನು ಬಲ್ಲವರಿಗೆ ಕಡಲಾಚೆಯ ಹಿಪ್ ಹಾಪ್ ಅಪರಿಚಿತವೆನಿಸಲಾರದು. ತಾಳಕ್ಕೆ ಸರಿಯಾಗಿ ಪ್ರಾಸಬದ್ಧ ಮಾತನ್ನು ಓಘದಿಂದ ನುಡಿಯುವ 'ರ‍್ಯಾಪ್' ಎಂಬುದು ಅದರ ಒಂದು ಅಂಗ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ, ಜಮೈಕಾದಲ್ಲಿ ಹುಟ್ಟಿದ ಕೂಲ್ ಹರ್ಕ್ ಧ್ವನಿಮುದ್ರಿಕೆಗಳನ್ನು ನುಡಿಸಿದ ಕೂಟದಿಂದ ಈ ಕಲೆಯ ಜನನವನ್ನು ಎಣಿಸುವುದು ವಾಡಿಕೆ. ಆ ಕೂಟವನ್ನು ಏರ್ಪಡಿಸಿದವಳು ಆತನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಅಣ್ಣನ ಹೆಸರು ಉಳಿದಷ್ಟು ತಂಗಿಯ ಹೆಸರು ಉಳಿಯಲಿಲ್ಲವೆಂಬುದೇನೂ ಸೋಜಿಗವಲ್ಲ.

1984ರಲ್ಲಿ ಯು.ಟಿ.ಎಫ್.ಓ. ಎಂಬ ಗಂಡಸರ ಮೇಳವೊಂದು, ತಮ್ಮನ್ನು ಕಡೆಗಣಿಸಿದ ರಾಕ್ಸಾನ್ ಎಂಬ ಕಲ್ಪಿತ ತರುಣಿಯನ್ನು ಕುರಿತು ಹಾಡಿತು. ಅದೇ ವರ್ಷ ಹದಿಹರೆಯದ ಬಾಲೆಯೊಬ್ಬಳು ರಾಕ್ಸಾನ್ ಶಾಂಟೆ ಎಂಬ ಹೆಸರು ತಳೆದು, ಆ ತರುಣಿಯ ಬಾಯಿಂದಲೇ ಪ್ರತ್ಯುತ್ತರ ಹಾಡಿದಳು. ಅದಕ್ಕೆ ಮರುಜವಾಬು, ಅದಕ್ಕೆ ಮತ್ತೊಂದು ಎಂದು ಹತ್ತಾರು ಮುದ್ರಿಕೆಗಳು ಹೊರಟವು. ಅಪ್ಪಟ ಸವಾಲು-ಜವಾಬು! ಯಾರನ್ನು ಕುರಿತು ಹಾಡಲಾಗಿತ್ತೋ ಆಕೆಯೇ ಹಾಡುಗಾರ್ತಿಯಾದಳು.

ಆಫ್ರಿಕಾದಲ್ಲಾದರೋ ಹೆಣ್ಣಿಗೆ ಇದು ಹೊಸತಾಗಿರಲಿಲ್ಲ. ಸೆನೆಗಲ್ ದೇಶದ ವೊಲೋಫ್ ಸ್ತ್ರೀಯರು ಮದುವೆ, ನಾಮಕರಣಗಳಲ್ಲಿ ಸಬಾರ್ ಎಂಬ ವಾದ್ಯದ ಬಡಿತಕ್ಕೆ ನುಡಿಯುವ 'ತಾಸು' ಎಂಬ ಲಯಬದ್ಧ ಪದ್ಯವನ್ನು ರ‍್ಯಾಪಿನ ಪೂರ್ವರೂಪವೆಂದು ಅಲ್ಲಿನವರು ಹೇಳುವುದುಂಟು. ಅದೇ ನಾಡಿನ ಸಿಸ್ಟರ್ ಫಾ ಎಂಬ ಗಾಯಕಿ, ಬಾಲೆಯರ ಅಂಗಚ್ಛೇದನದ ಕ್ರೂರ ಪದ್ಧತಿಗೆ ತಾನೇ ಒಳಗಾದವಳು. 2008ರಲ್ಲಿ ಆಕೆ ಊರೂರು ಸುತ್ತಿ ಅದರ ವಿರುದ್ಧ ಹಾಡಿದಳು, ಶಾಲೆಯ ಮಕ್ಕಳೊಡನೆ ಮಾತಾಡಿದಳು.

ಇಲ್ಲೊಂದು ಭೇದವನ್ನು ಗುರುತಿಸಲೇಬೇಕು. ಗೀಗೀ ಮೇಳದ ಹೆಣ್ಣು ಪುರಾಣದ ದೇವಿಯರನ್ನು ಸಾಕ್ಷಿಗೆ ಕರೆದು ಹೆಣ್ಣು ಹೆಚ್ಚೆಂದು ಸಾಧಿಸುವಳು. ತನ್ನ ಸ್ವಂತ ಸಂಕಟ ವಾದದೊಳಗೆ ಬರುವುದು ಅಪರೂಪ. ಸಿಸ್ಟರ್ ಫಾ ತನ್ನ ಮೈಮೇಲಾದ ಗಾಯವನ್ನೇ ಸಾಕ್ಷಿಗೆ ತಂದಳು. ಆದರೆ ಪುರಾಣದ ಮರೆಯು ಅಶಕ್ತಿಯಲ್ಲ. ಆ ಮರೆಯಿದ್ದುದರಿಂದಲೇ ಹೆಣ್ಣು ನೆರೆದ ಊರಿನೆದುರು ಗಂಡನ್ನು ಹಳಿಯಬಲ್ಲವಳಾದಳು.

ಕನ್ನಡದಲ್ಲಿ ತ್ರಿಪದಿಯ ಬೇರು ಆಳವಾದುದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದನ್ನು ಕಾಣಬಹುದು. ಬೀಸುಕಲ್ಲಿನ ಮುಂದೆ ಆ ತ್ರಿಪದಿಯನ್ನು ಬಾಳಿಸಿದವಳು ಹೆಣ್ಣು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿ ಆಕೆಗೆ ಸಾಹಿತ್ಯದ ಸಭೆಯಲ್ಲಿ ಮಣೆ ಹಾಕಿದರು. ದಪ್ಪು ಹಿಡಿದು ಅಂಗಳಕ್ಕಿಳಿದವಳಿಗೆ ಅಂಥ ಮಣೆ ಸುಲಭವಾಗಿ ಸಿಗಲಿಲ್ಲ. ಇರುಳೆಲ್ಲ ತಲೆದೂಗಿದವರೇ ಬೆಳಗಾದ ಮೇಲೆ ಆಕೆಯನ್ನು ಗರತಿಯರ ಸಾಲಿನಲ್ಲಿ ಕೂಡಿಸಲು ಹಿಂಜರಿದುದುಂಟು. ಮೇಲಾಗಿ, ಆ ಕ್ಷಣಕ್ಕೆ ಹುಟ್ಟಿದ ಜವಾಬು ಆ ಇರುಳಿನೊಡನೆಯೇ ಕರಗುವಂತಹುದು.

ಈ ಸೀಮೆಯ ಶಾಲೆಗಳ ಕನ್ನಡ ಉಪಾಧ್ಯಾಯರು ಮನಸ್ಸು ಮಾಡಿದರೆ, ಕೈಯಲ್ಲಿರುವ ಮೊಬೈಲಿನಲ್ಲಿಯೇ ಇವನ್ನು ಮುದ್ರಿಸಿಕೊಳ್ಳಬಹುದು. ಹಾಗೆ ಮಾಡುವಾಗ ಜವಾಬಿನೊಡನೆ ಅದನ್ನು ಕೆರಳಿಸಿದ ಸವಾಲನ್ನೂ, ಹಾಡಿದವಳ ಒಪ್ಪಿಗೆ ಪಡೆದು ಆಕೆಯ ಹೆಸರು, ಊರು, ಕಲಿಸಿದವರ ಹೆಸರುಗಳನ್ನೂ ದಾಖಲಿಸತಕ್ಕದ್ದು.